14,000 ಕಿ.ಮೀ.ಗೇ ಹಿಂದಿನ ಟೈರ್ ಮುಗಿಯಿತು: ತಪ್ಪು ಟೈರ್‌ನದ್ದಾ, ಗಾಳಿಯದ್ದಾ?

ಓದುಗರ ಪ್ರಶ್ನೆ: "ಸರ, ನಾನು ಅಣ್ಣಿಗೇರಿಯವನು. ಹುಬ್ಬಳ್ಳಿ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸ. ದಿನಾ ಹೋಗಿ ಬರೋದು ಸೇರಿ ಸುಮಾರು 75 ಕಿ.ಮೀ. ಬೈಕ್ ಓಡಿಸುತ್ತೇನೆ. 150 ಸಿಸಿ ಗಾಡಿ, ಟ್ಯೂಬ್‌ಲೆಸ್ ಟೈರ್. ಹಿಂದಿನ ಟೈರ್ 14,000 ಕಿ.ಮೀ.ಗೇ ನಡುವೆ ಮೂರು ಬೆರಳಿನಷ್ಟು ಅಗಲ ಚಪ್ಪಟೆಯಾಗಿದೆ. ಗೆರೆ ಹೆಚ್ಚುಕಡಿಮೆ ಮುಗಿದೇ ಹೋಗಿದೆ. ಮುಂದಿನದು ಇನ್ನೂ ಚೆನ್ನಾಗಿದೆ. ಬ್ಯಾಡಗಿಯಲ್ಲಿರುವ ನಮ್ಮ ಭಾವನ 100 ಸಿಸಿ ಗಾಡಿಯ ಟೈರ್ 30,000 ದಾಟಿದೆ. ಹಾಗಾದ್ರೆ ನನಗೆ ಸಿಕ್ಕಿದ್ದು ಕಳಪೆ ಟೈರ್ ಇರಬಹುದಾ? ಅಂಗಡಿಯವರು ಎರಡೂ ಬದಲಿಸಿ, ನೈಟ್ರೋಜನ್ ಹಾಕಿಸಿ ಅಂತಾರೆ. ಗೆಳೆಯನೊಬ್ಬ ಗೆರೆ ಕೊರೆಸಿದರೆ ಈ ಮಳೆಗಾಲ ದಾಟಬಹುದು ಅಂತಾನೆ. ನಾನು ಗ್ರಿಪ್ ಚೆನ್ನಾಗಿರಲಿ, ಹಾರಿಕೆ ಕಡಿಮೆ ಆಗಲಿ ಅಂತ ಹಿಂದಿನ ಗಾಲಿಗೆ 22 ಗಾಳಿ ಮಾತ್ರ ಇಡಿಸುತ್ತೇನೆ. ಭಾನುವಾರ ಮನೆಯವರ ಜೊತೆ ಡಬಲ್ ಸೀಟ್ ಹೋಗ್ತೀವಿ. ಏನು ಮಾಡಲಿ?"

ಉತ್ತರ: ಮೊದಲು ನಿಮಗೆ ತುರ್ತಾಗಿ ಬೇಕಾದ ಮಾತು ಹೇಳಿಬಿಡುತ್ತೇನೆ. ಹಿಂದಿನ ಟೈರ್ ಬದಲಿಸಿ. ಮಳೆ ಹಿಡಿಯುವ ಮುಂಚೆಯೇ ಬದಲಿಸಿ. ಮುಂದಿನದು ನೀವು ಹೇಳಿದ ಹಾಗೆ ನಿಜಕ್ಕೂ ಚೆನ್ನಾಗಿದ್ದರೆ ಅದನ್ನು ಈಗ ಮುಟ್ಟಬೇಕಿಲ್ಲ. ಗೆರೆ ಕೊರೆಸುವ ಯೋಚನೆಯನ್ನು ಪೂರ್ತಿ ಬಿಟ್ಟುಬಿಡಿ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಟೈರ್ ಕಳಪೆ ಇರಬಹುದು ಅನ್ನೋದಕ್ಕೆ ನಿಮ್ಮ ಪತ್ರದಲ್ಲಿ ಯಾವ ಲಕ್ಷಣವೂ ಕಾಣಲಿಲ್ಲ. ತಯಾರಿಕೆಯ ದೋಷ ಇದ್ದರೆ ಟೈರ್ ಪಕ್ಕದಲ್ಲಿ ಉಬ್ಬುತ್ತದೆ, ಪದರ ಬಿಟ್ಟುಕೊಳ್ಳುತ್ತದೆ, ಒಂದೇ ಜಾಗದಲ್ಲಿ ರಬ್ಬರ್ ಕಿತ್ತು ಬರುತ್ತದೆ. ಸುತ್ತಲೂ ಒಂದೇ ಸಮ ಚಪ್ಪಟೆಯಾಗಿದ್ದರೆ ಅದು ಸವೆತ. ಗ್ಯಾರಂಟಿಯಲ್ಲೂ ಸವೆತಕ್ಕೆ ಏನೂ ಸಿಗುವುದಿಲ್ಲ. ಇನ್ನು ಲೆಕ್ಕ. ನಮ್ಮ ಕಡೆ ನಾನು ನೋಡುವ ಗಾಡಿಗಳಲ್ಲಿ 100–125 ಸಿಸಿ ಬೈಕ್‌ನ ಹಿಂದಿನ ಟೈರ್ 20,000ದಿಂದ 30,000 ಕಿ.ಮೀ. ಬರುತ್ತದೆ. 150–160 ಸಿಸಿಯದ್ದು 15,000ದಿಂದ 25,000. ಇನ್ನೂ ದೊಡ್ಡ, ಜೋರಾಗಿ ಓಡುವ ಗಾಡಿಗಳ ಮೆತ್ತನೆ ಟೈರ್ 10,000 ಮುಟ್ಟಿದರೆ ದೊಡ್ಡದು. ಮುಂದಿನ ಟೈರ್ ಹಿಂದಿನದಕ್ಕಿಂತ ಒಂದೂವರೆ ಪಟ್ಟು ಜಾಸ್ತಿ ಬಾಳುವುದು ಸಾಮಾನ್ಯ. ನಿಮ್ಮ 14,000 ಈ ಲೆಕ್ಕಕ್ಕೆ ಸ್ವಲ್ಪವೇ ಕಡಿಮೆ. ಆ ಸ್ವಲ್ಪಕ್ಕೂ ಕಾರಣ ನೀವೇ ಬರೆದಿದ್ದೀರಿ.

ಟೈರ್ ರಸ್ತೆಯ ಮೇಲೆ ಸುಮ್ನೆ ಉರುಳುವುದಿಲ್ಲ. ಇಂಜಿನ್ ಎಳೆಯುವಾಗ, ಬ್ರೇಕ್ ಹಿಡಿಯುವಾಗ, ಕಣ್ಣಿಗೆ ಕಾಣದಷ್ಟು ಜಾರುತ್ತಲೇ ಇರುತ್ತದೆ. ಶಾಲೆಯಲ್ಲಿ ರಬ್ಬರ್ ತಿಕ್ಕಿ ಅಕ್ಷರ ಅಳಿಸುವಾಗ ಪುಡಿ ಉದುರುತ್ತದಲ್ಲ, ಇಲ್ಲಿ ಆಗೋದೂ ಅದೇ. ಎಷ್ಟು ಜೋರಾಗಿ ಎಳೆದರೆ ಅಷ್ಟು ಪುಡಿ. ಬೈಕ್‌ನಲ್ಲಿ ಎಳೆಯುವ ಕೆಲಸ ಪೂರ್ತಿ ಹಿಂದಿನ ಗಾಲಿಯದ್ದು. ಸವಾರರ ಭಾರದ ದೊಡ್ಡ ಪಾಲೂ ಅದರ ಮೇಲೆಯೇ ಬೀಳುತ್ತದೆ. ಹಾಗಾಗಿ ಹಿಂದಿನದು ಮೊದಲು ಸವೆಯುವುದು ಸಹಜ.

ಇದರಲ್ಲಿ ವೇಗದ ಪಾತ್ರ ಜನ ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದು. ಗಾಡಿಗೆ ಎದುರಾಗುವ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 50ರಲ್ಲಿ ಹೋಗುತ್ತಿದ್ದವರು 80ಕ್ಕೆ ಏರಿಸಿದರೆ ಆ ತಡೆ ಎರಡೂವರೆ ಪಟ್ಟು ಆಗುತ್ತದೆ. ಅದನ್ನು ಮೀರಿ ಗಾಡಿಯನ್ನು ತಳ್ಳಬೇಕಾದದ್ದು ಹಿಂದಿನ ಟೈರ್‌ನ ಅಂಗೈಗಿಂತ ಚಿಕ್ಕ ಜಾಗ. ಗದಗ–ಹುಬ್ಬಳ್ಳಿ ಹೆದ್ದಾರಿ ಅಗಲ ಇದೆ, ನೇರ ಇದೆ. ಅಲ್ಲಿ 80 ಅನ್ನೋದು ಕೈಗೆ ತಾನಾಗಿ ಬರುತ್ತದೆ. ನೇರ ರಸ್ತೆಯಲ್ಲಿ ಗಾಡಿ ವಾಲುವುದೇ ಇಲ್ಲ. ಹಾಗಾಗಿ ಟೈರ್‌ನ ನಡುಭಾಗವೊಂದೇ ದಿನವಿಡೀ ದುಡಿಯುತ್ತದೆ, ಅಂಚುಗಳು ಹೊಸದರಂತೆಯೇ ಇರುತ್ತವೆ. ಉಣಕಲ್, ನವನಗರದ ಸಿಗ್ನಲ್‌ಗಳಲ್ಲಿ ನಿಂತು ಹೊರಡುತ್ತಾ ಹುಬ್ಬಳ್ಳಿ–ಧಾರವಾಡ ಓಡಾಡುವವರ ಟೈರ್‌ಗೂ ಸವೆತ ಇದೆ. ಅದು ಬೇರೆ ಬಗೆಯದ್ದು, ಬ್ರೇಕ್ ಮತ್ತು ಪಿಕಪ್‌ನದ್ದು.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಕಡೆ: ಮೂರು ಬೆರಳಿನ ಅಗಲ ಮತ್ತು 22. ನೇರ ರಸ್ತೆಯ ಸವೆತ ಮಾತ್ರ ಆಗಿದ್ದರೆ ನಡುವೆ ಇಷ್ಟು ಅಗಲಕ್ಕೆ ಚಪ್ಪಟೆಯಾಗುತ್ತಿರಲಿಲ್ಲ. ಗಾಳಿ ಕಡಿಮೆ ಇದ್ದಾಗ ಟೈರ್ ನೆಲಕ್ಕೆ ಜಾಸ್ತಿ ಒತ್ತಿಕೊಳ್ಳುತ್ತದೆ. ನೆಲ ಮುಟ್ಟುವ ಜಾಗ ಅಗಲವಾಗುತ್ತದೆ. ಪ್ರತಿ ಸುತ್ತಿಗೂ ಪಕ್ಕದ ಗೋಡೆ ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ಬಿಸಿ ರಬ್ಬರ್ ಬೇಗ ಸವೆಯುತ್ತದೆ. ನೀವು ಗ್ರಿಪ್ ಜಾಸ್ತಿ ಸಿಗಲಿ ಅಂತ ಮಾಡಿದ ಕೆಲಸ ಟೈರ್‌ನ ಆಯಸ್ಸನ್ನು ತಿಂದಿದೆ. ಗ್ರಿಪ್ ಆದರೂ ಜಾಸ್ತಿ ಆಯಿತಾ? ಇಲ್ಲ. ಮೆತ್ತಗಾದ ಟೈರ್ ತಿರುವಿನಲ್ಲಿ ಒಲೆದಾಡುತ್ತದೆ. ಮಳೆಯಲ್ಲಿ ಗೆರೆಗಳು ಒತ್ತಿಕೊಂಡು ನೀರನ್ನು ಸರಿಯಾಗಿ ಹೊರಹಾಕುವುದಿಲ್ಲ. ತಗ್ಗಿಗೆ ಬಿದ್ದರೆ ಏಟು ನೇರ ರಿಮ್‌ಗೆ ತಾಗುತ್ತದೆ. ಅಲಾಯ್ ರಿಮ್ ಅಂಚು ಡೊಂಕಾದರೆ ಟ್ಯೂಬ್‌ಲೆಸ್‌ನಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಆಗ ಹೋಗುವ ದುಡ್ಡು ಟೈರ್‌ಗಿಂತ ಜಾಸ್ತಿ.

ನಿಮ್ಮಂಥ 150 ಸಿಸಿ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ ಒಬ್ಬರಿಗೆ 28, ಡಬಲ್ ಸೀಟ್‌ಗೆ 32 ಪಿಎಸ್‌ಐ ಇರುತ್ತದೆ. ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ, ನಿಮ್ಮ 22 ಕೂಡ ಅದೇ ಲೆಕ್ಕದ್ದು. ಆದರೆ ನನ್ನ ಮಾತು ಕೇಳಿ ಹಾಕಿಸಬೇಡಿ. ಚೈನ್ ಕವರ್ ಮೇಲೋ, ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೋ ಕಂಪನಿ ಸ್ಟಿಕರ್ ಇರುತ್ತದೆ. ಅದು ಅಳಿಸಿದ್ದರೆ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಅಲ್ಲಿರುವ ಅಂಕಿಯೇ ನಿಮ್ಮದು. ಟೈರ್‌ನ ಪಕ್ಕದಲ್ಲಿ ಬರೆದಿರುವ ದೊಡ್ಡ ಅಂಕಿ ಆ ಟೈರ್ ತಡೆಯುವ ಗರಿಷ್ಠ ಒತ್ತಡ. ಅಷ್ಟು ತುಂಬಿಸಿದರೆ ನಡುಭಾಗ ಉಬ್ಬಿ ಅದಷ್ಟೇ ಸವೆಯುತ್ತದೆ, ಗಾಡಿಯೂ ಹಾರುತ್ತದೆ.

ಗಾಳಿ ನೋಡಬೇಕಾದದ್ದು ಟೈರ್ ತಣ್ಣಗಿದ್ದಾಗ. ನೀವು ಅಣ್ಣಿಗೇರಿಯಿಂದ ಹೊರಟು ಹುಬ್ಬಳ್ಳಿ ಮುಟ್ಟಿ ಪಂಪ್‌ನಲ್ಲಿ ನೋಡಿದರೆ 28 ಇದ್ದದ್ದು 31 ತೋರಿಸಬಹುದು. ಜಾಸ್ತಿ ಇದೆ ಅಂತ ಇಳಿಸಿದಿರೋ, ಮಾರನೇ ದಿನ ಬೆಳಿಗ್ಗೆ 25 ಇರುತ್ತದೆ. ಈ ತಪ್ಪು ಬಹಳ ಜನ ಮಾಡುತ್ತಾರೆ. ಹವೆಯೂ ಲೆಕ್ಕಕ್ಕೆ ಬರುತ್ತದೆ. 10 ಡಿಗ್ರಿ ತಂಪಾದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಏಪ್ರಿಲ್‌ನ ಗದಗದ ಬಿಸಿಲಲ್ಲಿ ಸರಿ ಇದ್ದ ಗಾಳಿ ಆಷಾಢದ ಬೆಳಗಿನಲ್ಲಿ ಕಡಿಮೆಯಾಗಿರುತ್ತದೆ. ಏನೂ ತೊಂದರೆ ಇಲ್ಲದ ಟೈರ್‌ನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿ ಸೋರುತ್ತದೆ. ಒಂದು ಚಿಕ್ಕ ಗೇಜ್ ಕೊಂಡು ಮನೆಯಲ್ಲೇ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೋಡಿ. ಹೆಬ್ಬೆರಳಿನಲ್ಲಿ ಒತ್ತಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಟ್ಯೂಬ್‌ಲೆಸ್ ಟೈರ್‌ನ ಗೋಡೆ ಗಟ್ಟಿ ಇರುತ್ತದೆ, 20ಕ್ಕೆ ಇಳಿದಿದ್ದರೂ ಕೈಗೆ ಗಟ್ಟಿಯಾಗಿಯೇ ಸಿಗುತ್ತದೆ.

ಭಾನುವಾರದ ಡಬಲ್ ಸೀಟ್ ವಿಷಯಕ್ಕೂ ಇದೇ ಉತ್ತರ. 22ರ ಮೇಲೆ ಇಬ್ಬರು ಕೂತು ಹೆದ್ದಾರಿಯಲ್ಲಿ ಹೋಗುವುದು ನಿಜಕ್ಕೂ ಅಪಾಯ. ಮನೆಯವರು ಹಿಂದೆ ಕೂರುವ ದಿನ ಶನಿವಾರ ಸಂಜೆಯೇ ಸ್ಟಿಕರ್‌ನಲ್ಲಿರುವ ಡಬಲ್ ಸೀಟ್ ಅಂಕಿಗೆ ಗಾಳಿ ತುಂಬಿಸಿಡಿ.

ಈಗ ನಿಮ್ಮ ಭಾವನ 30,000. ಆ ಗಾಡಿಯ ಇಂಜಿನ್‌ನ ಎಳೆತ ನಿಮ್ಮದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಗಾಡಿಯ ತೂಕವೂ ಕಡಿಮೆ. ಅಂಥ ಗಾಡಿಗಳನ್ನು ಜನ ಓಡಿಸುವುದೂ 45–50ರಲ್ಲಿ. ಅವುಗಳಿಗೆ ಬರುವ ಟೈರ್‌ನ ರಬ್ಬರ್ ಕೂಡ ಗಟ್ಟಿ. ಗಟ್ಟಿ ರಬ್ಬರ್ ಜಾಸ್ತಿ ಬಾಳುತ್ತದೆ, ಒದ್ದೆ ರಸ್ತೆಯಲ್ಲಿ ಕಡಿಮೆ ಹಿಡಿಯುತ್ತದೆ. ಇದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಎರಡೂ ಪೂರ್ತಿ ಸಿಗುವ ಟೈರ್ ಇಲ್ಲ. ಅವರ 30,000ದ ಜೊತೆ ನಿಮ್ಮ 14,000 ಹೋಲಿಸಬೇಡಿ. ಹಾಗಂತ ಭಾವನಿಗೂ ಒಂದು ಮಾತು ತಿಳಿಸಿ. ಅವರ ಟೈರ್ ಎಷ್ಟು ವರ್ಷದ್ದು ಅಂತ ನೋಡಿಕೊಳ್ಳಲಿ. ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗುವ ಗಾಡಿಯಾದರೆ ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು ಬಿಟ್ಟಿದೆಯಾ ಅಂತ ಈಗಲೇ ನೋಡಲಿ.

ಬಿಸಿಲು ಮತ್ತು ರಸ್ತೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಡಾಂಬರು ಕಾದು ಟೈರ್ ಅನ್ನೂ ಕಾಯಿಸುತ್ತದೆ. ಮಧ್ಯಾಹ್ನದ ಒಂದು ಗಂಟೆಯ ಓಟ ಬೆಳಗಿನ ಅದೇ ಓಟಕ್ಕಿಂತ ಜಾಸ್ತಿ ತಿನ್ನುತ್ತದೆ. ಎರೆ ನೆಲದ ಮೇಲಿನ ರಸ್ತೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಅಲೆಅಲೆಯಾಗುತ್ತದೆ, ಬೇಗ ಒಡೆಯುತ್ತದೆ. ನವಲಗುಂದ, ನರಗುಂದದ ಕಡೆ ಓಡಾಡಿದವರಿಗೆ ಇದು ಗೊತ್ತು. ಎದ್ದ ಖಡಿಯ ಮೇಲೆ ಜೋರಾಗಿ ಹೊರಟರೆ ರಬ್ಬರ್ ಚೂರುಚೂರಾಗಿ ಕೀಳುತ್ತದೆ. ಮಳೆಯಲ್ಲಿ ಸವೆತ ಕಡಿಮೆ, ಯಾಕೆಂದರೆ ನೀರು ಜಾರಿಸುತ್ತದೆ. ಆದರೆ ಒದ್ದೆ ರಬ್ಬರ್ ಬೇಗ ಕುಯ್ಯುತ್ತದೆ. ಮಳೆಗಾಲದಲ್ಲಿ ಪಂಕ್ಚರ್ ಜಾಸ್ತಿ ಆಗಲು ಅದೂ ಒಂದು ಕಾರಣ.

ಅಂಗಡಿಯವರ ನೈಟ್ರೋಜನ್ ವಿಷಯ. ನಾವು ಉಸಿರಾಡುವ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ. ಪೂರ್ತಿ ನೈಟ್ರೋಜನ್ ತುಂಬಿದರೆ ಸೋರುವುದು ತುಸು ನಿಧಾನ ಆಗಬಹುದು, ಒಳಗೆ ತೇವ ಇರುವುದಿಲ್ಲ. ಹಾಕಿಸಿದರೆ ಕೆಟ್ಟದ್ದೇನೂ ಇಲ್ಲ. ಆದರೆ ಅದರಿಂದ ಟೈರ್‌ನ ಆಯಸ್ಸು ಎದ್ದು ಕಾಣುವಷ್ಟು ಹೆಚ್ಚುವುದಿಲ್ಲ. ಅದರಲ್ಲಿ ತೊಂದರೆ ಬೇರೆಯೇ ಇದೆ. ನೈಟ್ರೋಜನ್ ಹಾಕಿಸಿದವರು ಆಮೇಲೆ ತಿಂಗಳುಗಟ್ಟಲೆ ಗಾಳಿಯನ್ನೇ ನೋಡುವುದಿಲ್ಲ. ಪಂಪ್‌ನ ಸಾಮಾನ್ಯ ಗಾಳಿ ವಾರಕ್ಕೊಮ್ಮೆ ನೋಡಿಸಿದವರ ಟೈರ್ ಅವರದಕ್ಕಿಂತ ಚೆನ್ನಾಗಿರುತ್ತದೆ.

ಎರಡೂ ಟೈರ್ ಒಟ್ಟಿಗೆ ಬದಲಿಸಬೇಕು ಅನ್ನೋ ನಿಯಮ ಇಲ್ಲ. ಮುಂದಿನದನ್ನು ನೀವೇ ಪರೀಕ್ಷೆ ಮಾಡಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದಿನಿಂದ ಒತ್ತಿ ಹಿಡಿಯಲಿ, ಮುಂದಿನ ಗಾಲಿ ಎದ್ದು ನಿಲ್ಲುತ್ತದೆ. ನಿಧಾನ ತಿರುಗಿಸುತ್ತಾ ಅಂಗೈಯನ್ನು ರಬ್ಬರ್ ಮೇಲೆ ಮೊದಲು ಒಂದು ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ ಸವರಿ. ಒಂದು ದಿಕ್ಕಿನಲ್ಲಿ ನುಣುಪಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಹಲ್ಲು ತಾಗಿದಂತೆ ಆದರೆ ಆ ಟೈರ್ ಏಣುಏಣಾಗಿ ಸವೆಯುತ್ತಿದೆ ಅಂತ ಅರ್ಥ. ಬ್ರೇಕ್ ಹಿಡಿದಾಗ ಗೆರೆಗಳ ನಡುವಿನ ಪ್ರತಿ ರಬ್ಬರ್ ತುಂಡಿನ ಒಂದು ಅಂಚೇ ತಿಕ್ಕಿಕೊಳ್ಳುವುದರಿಂದ ತುಸು ಹಾಗಾಗುವುದು ಸಹಜ. ಜೋರಾಗಿ ಆಗಿದ್ದರೆ ಗಾಳಿ ಕಡಿಮೆ ಇತ್ತು, ಅಥವಾ ಶಾಕ್‌ನ ಎಣ್ಣೆ ಹೋಗಿದೆ, ಅಥವಾ ಗಾಲಿಯ ಬೇರಿಂಗ್ ಸಡಿಲ ಇದೆ. ಕಾರಣ ಸರಿಮಾಡದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಆಗುತ್ತದೆ.

ಗೆರೆ ಎಷ್ಟು ಉಳಿದಿದೆ ಅಂತ ನೋಡುವುದು ಸುಲಭ. ಟೈರ್‌ನ ಪಕ್ಕದಲ್ಲಿ ಚಿಕ್ಕ ತ್ರಿಕೋನ ಅಥವಾ ಟಿ.ಡಬ್ಲ್ಯು.ಐ. ಅನ್ನೋ ಅಕ್ಷರಗಳು ಇರುತ್ತವೆ. ಅದರ ನೇರಕ್ಕೆ ಗೆರೆಯ ಒಳಗೆ ಒಂದು ಪುಟ್ಟ ದಿಬ್ಬ ಕಾಣುತ್ತದೆ. ಮೇಲಿನ ರಬ್ಬರ್ ಸವೆದು ಆ ದಿಬ್ಬಕ್ಕೆ ಸಮ ಆಯಿತೆಂದರೆ ಟೈರ್ ಮುಗಿಯಿತು. ಕೇಂದ್ರದ ಮೋಟಾರು ವಾಹನ ನಿಯಮದ ಪ್ರಕಾರ ಎರಡು ಗಾಲಿಯ ಗಾಡಿಗೆ ಕನಿಷ್ಠ 0.8 ಮಿ.ಮೀ. ಆಳ ಇರಲೇಬೇಕು. ನನ್ನನ್ನು ಕೇಳಿದರೆ ನಮ್ಮ ಕಡೆ ಮಳೆಗಾಲಕ್ಕೆ ಇಳಿಯುವಾಗ 2 ಮಿ.ಮೀ.ಗಿಂತ ಕಡಿಮೆ ಇರಬಾರದು. ನಿಮ್ಮದೇ ದಾರಿ ನೆನಪಿಸಿಕೊಳ್ಳಿ. ಹೊಲದಿಂದ ಟ್ರ್ಯಾಕ್ಟರ್ ಹೆದ್ದಾರಿಗೆ ಹತ್ತುತ್ತದೆ. ದೊಡ್ಡ ಗಾಲಿಗೆ ಮೆತ್ತಿದ ಎರೆ ಮಣ್ಣು ಹೆಂಟೆಹೆಂಟೆಯಾಗಿ ಡಾಂಬರಿನ ಮೇಲೆ ಉದುರುತ್ತದೆ. ಮೇಲೆ ಒಂದು ಹನಿ ಮಳೆ ಬಿತ್ತೋ, ಬೆಣ್ಣೆ ಸವರಿದ ಹಾಗೆ. ಅಲ್ಲಿ ಹೊಸ ಟೈರ್‌ಗೂ ಕಷ್ಟ. ಬೋಳು ಟೈರ್‌ಗೆ ಮಣ್ಣನ್ನು ನೂಕಲು ಗೆರೆಯೇ ಇರುವುದಿಲ್ಲ. ಒಂದು ಟೈರ್‌ಗೆ ಹೋಗುವುದು ಎರಡು–ಎರಡೂವರೆ ಸಾವಿರ. ಅದನ್ನು ಎರಡು ತಿಂಗಳು ಮುಂದೂಡಲು ಹೋಗಿ ಕೈಕಾಲು ಮುರಿದುಕೊಂಡವರನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗೆರೆ ಕೊರೆಸುವುದು ಬೇಡ ಅಂದದ್ದೂ ಅದಕ್ಕೇ. ಬಿಸಿ ಬ್ಲೇಡ್‌ನಿಂದ ಕೊರೆದರೆ ಹೊರಗೆ ಗೆರೆ ಕಾಣುತ್ತದೆ, ಸರಿ. ಆದರೆ ಅದು ಎಲ್ಲಿಂದ ಬಂತು? ಒಳಗಿನ ನೂಲಿನ ಪದರದ ಮೇಲೆ ಉಳಿದಿದ್ದ ತೆಳು ರಬ್ಬರನ್ನೇ ಕೊರೆದಿರುತ್ತಾರೆ. ಲಾರಿಯ ಕೆಲವು ಟೈರ್‌ಗಳಲ್ಲಿ ಕೊರೆಯಲಿಕ್ಕೆ ಅಂತಲೇ ದಪ್ಪ ರಬ್ಬರ್ ಬಿಟ್ಟಿರುತ್ತಾರೆ. ಬೈಕ್ ಟೈರ್‌ನಲ್ಲಿ ಆ ದಪ್ಪ ಇಲ್ಲ. ಹೊಸ ರಬ್ಬರ್ ಅಂಟಿಸಿಕೊಡುವವರೂ ಇದ್ದಾರೆ. ಲಾರಿಗೆ ಅದು ನಡೆಯುತ್ತದೆ, ಒಂದು ಹೋದರೂ ಪಕ್ಕದಲ್ಲಿ ಇನ್ನೊಂದು ಗಾಲಿ ಇರುತ್ತದೆ. ಬೈಕ್‌ನಲ್ಲಿ 70ರ ವೇಗದಲ್ಲಿ ಅಂಟಿಸಿದ ಪದರ ಬಿಟ್ಟರೆ ಹಿಂದಿನ ಗಾಲಿ ಅಲ್ಲೇ ಕಚ್ಚಿಕೊಳ್ಳಬಹುದು. ಹಳೆಯ ಟೈರ್ ಅಗ್ಗಕ್ಕೆ ಕೊಳ್ಳುವುದೂ ಅಷ್ಟೇ, ಒಳಗೆ ಎಷ್ಟು ಪಂಕ್ಚರ್ ಆಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

ಹೊಸದು ಕೊಳ್ಳುವಾಗ ಮೊದಲು ಪಕ್ಕದ ನಾಲ್ಕು ಅಂಕಿ ಓದಿ. 2324 ಅಂತಿದ್ದರೆ 2024ರ 23ನೇ ವಾರ, ಅಂದರೆ ಜೂನ್ ಮೊದಲ ಭಾಗದಲ್ಲಿ ತಯಾರಾದದ್ದು. ಒಂದು ವರ್ಷದೊಳಗಿನದ್ದು ಕೇಳಿ. ಎರಡು ವರ್ಷ ಅಂಗಡಿಯ ಹೊರಗೆ ಬಿಸಿಲಲ್ಲಿ ನೇತಾಡಿದ ಟೈರ್ ಬೇಡವೇ ಬೇಡ. ಬಳಸಿದರೂ ಬಳಸದಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. 5 ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು. ನಮ್ಮ ಬಿಸಿಲಿಗೆ 6 ವರ್ಷ ದಾಟಿಸದಿರುವುದು ಒಳ್ಳೆಯದು. ನಿಮಗಂತೂ ಆ ಚಿಂತೆ ಇಲ್ಲ, ನಿಮ್ಮ ಓಟಕ್ಕೆ ವರ್ಷ ತುಂಬುವ ಮೊದಲೇ ಟೈರ್ ಮುಗಿಯುತ್ತದೆ.

ಅಳತೆ ಕಂಪನಿ ಕೊಟ್ಟದ್ದೇ ಇರಲಿ. ಅಳತೆಯ ಮುಂದೆ 55ಪಿ ತರಹ ಒಂದು ಗುರುತು ಇರುತ್ತದೆ. 55 ಅಂದರೆ 218 ಕಿಲೋ ಹೊರುವ ಶಕ್ತಿ, ಪಿ ಅಂದರೆ 150 ಕಿ.ಮೀ. ವೇಗದವರೆಗೆ. ಹಳೆಯದರಲ್ಲಿ ಇದ್ದದ್ದಕ್ಕಿಂತ ಕಡಿಮೆಯದನ್ನು ಹಾಕಿಸಬೇಡಿ. ಅಗಲ ಟೈರ್ ಜಾಸ್ತಿ ಬಾಳುತ್ತದೆ ಅನ್ನೋದು ಸುಳ್ಳು. ಚಿಕ್ಕ ರಿಮ್‌ಗೆ ಅಗಲ ಟೈರ್ ಕೂರಿಸಿದರೆ ಅದು ನಡುವೆ ಉಬ್ಬಿ ಇನ್ನೂ ಬೇಗ ಸವೆಯುತ್ತದೆ, ಮೈಲೇಜೂ ಬೀಳುತ್ತದೆ. ಜಾಸ್ತಿ ಕಿ.ಮೀ. ಬರುವ ಟೈರ್ ಬೇಕಾ, ಒದ್ದೆಯಲ್ಲಿ ಚೆನ್ನಾಗಿ ಹಿಡಿಯುವ ಟೈರ್ ಬೇಕಾ ಅಂತ ಅಂಗಡಿಯಲ್ಲಿ ಕೇಳಿದರೆ, ನಿಮ್ಮ ದಾರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಸರಿಯಾದ ಗಾಳಿ ಇಟ್ಟುಕೊಂಡರೆ ಅದೇ ನಿಮಗೆ 17–18 ಸಾವಿರ ಬಂದೀತು.

ಜಿಎಸ್‌ಟಿ ಬಿಲ್ ಕೇಳಿ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ತೆರಿಗೆ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ, ಬೆಲೆ ಮಾತಾಡುವಾಗ ಅದು ನೆನಪಿರಲಿ. ನಾಳೆ ಟೈರ್ ಉಬ್ಬಿದರೆ ಕಂಪನಿಯನ್ನು ಕೇಳಲು ಆ ಬಿಲ್ಲೇ ಆಧಾರ. ಟೈರ್ ಕೂರಿಸುವಾಗ ಎದುರಿಗೇ ನಿಂತಿರಿ. ಪಕ್ಕದ ಬಾಣದ ಗುರುತು ಗಾಲಿ ತಿರುಗುವ ದಿಕ್ಕಿಗೇ ಇರಲಿ. ಟ್ಯೂಬ್‌ಲೆಸ್ ವಾಲ್ವ್ ಹೊಸದು ಹಾಕಿಸಿ, ಅದಕ್ಕೆ ಹೋಗುವುದು ಅಲ್ಪ ದುಡ್ಡು. ಗಾಲಿ ಮತ್ತೆ ಜೋಡಿಸುವಾಗ ಸ್ವಿಂಗ್ ಆರ್ಮ್‌ನ ಎರಡೂ ಬದಿಯ ಗೆರೆ ಗುರುತು ಸಮ ಇದೆಯಾ ನೋಡಿ. ಒಂದು ಬದಿ ಒಂದು ಗೆರೆ ಹಿಂದೆ ಮುಂದೆ ಆದರೂ ಗಾಲಿ ಓರೆಯಾಗಿ ಓಡುತ್ತದೆ, ಟೈರ್ ಒಂದು ಪಕ್ಕ ಸವೆಯುತ್ತದೆ, ಚೈನ್ ಸೆಟ್ಟೂ ಹಾಳಾಗುತ್ತದೆ.

ಹೊಸ ಟೈರ್‌ನ ಮೈ ನುಣುಪು. ಮೊದಲ 100–150 ಕಿ.ಮೀ. ಜೋರಾಗಿ ವಾಲಿಸಬೇಡಿ, ದಿಢೀರ್ ಬ್ರೇಕ್ ಹಾಕಬೇಡಿ. ನಿಮಗೆ ಎರಡು ದಿನದ ಓಟದಲ್ಲಿ ಅದು ಮುಗಿಯುತ್ತದೆ. ಗಾಡಿ ತೊಳೆಸುವಾಗ ಟೈರ್‌ಗೆ ಡೀಸೆಲ್, ಸೀಮೆಎಣ್ಣೆ ಹಚ್ಚಲು ಬಿಡಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹೊಳಪಿನ ಪಾಲಿಶ್ ನೆಲ ಮುಟ್ಟುವ ಭಾಗಕ್ಕೆ ತಾಗಲೇಬಾರದು.

ಸ್ಟಿಕರ್‌ನಲ್ಲಿರುವ ಗಾಳಿ ಇಟ್ಟು, 60–65ರಲ್ಲಿ ಓಡಿಸಿಯೂ ಈ ಟೈರ್ 15,000ದೊಳಗೇ ಸವೆದರೆ ಆಗ ಟೈರ್ ಬಿಟ್ಟು ಗಾಡಿಯನ್ನೇ ನೋಡಬೇಕು. ಹಿಂದಿನ ಬ್ರೇಕ್ ಪೂರ್ತಿ ಬಿಡುತ್ತಿದೆಯಾ, ಗಾಲಿ ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತದಾ, ಸ್ವಿಂಗ್ ಆರ್ಮ್‌ನ ಬುಶ್ ಅಲುಗಾಡುತ್ತದಾ ಅಂತ ನಿಮ್ಮ ಮೆಕ್ಯಾನಿಕ್ ಹತ್ತಿರ ಪರೀಕ್ಷೆ ಮಾಡಿಸಿ. ಅದರ ವಿವರ ಬರೆದು ಕಳಿಸಿದರೆ ಮತ್ತೆ ಉತ್ತರಿಸುತ್ತೇನೆ.